ಆತಕೂರಿನ ಕಾಳಿ, ಟೂಟಿಂಗಿನ ಕಾಳ



ನಮ್ಮ ಪತ್ರಿಕೆಗೆ ಇತಿಹಾಸದ ಒಂದು ಲೇಖನ ಬರೆದುಕೊಡುತ್ತೇವೆ ಎಂದು ಸಂಪಾದಕರಿಗೆ ಮಾತು ಕೊಟ್ಟು ಎರಡು ವರ್ಷ ಕಳೆಯಿತು. ಮೊದಮೊದಲು ಕೆಲಸದ ಒತ್ತಡ ಎಂದು ನೆಪ ಹೇಳಿದೆವು. ಆಮೇಲೆ ಕೆಲಸವೇ ಹೋಯಿತು. ಆಗಲೂ ಅದೇ ನೆಪ ಹೇಳಿದೆವು! ಈಗ ಬರೆಯುತ್ತಿರುವುದು ಇತಿಹಾಸದ ಲೇಖನವೇ. ನಡುನಡುವೆ ಒಂದು ನಾಯಿ ಬರುತ್ತದೆ, ಅದರ ಹಿಂದೆ ಹಗ್ಗ ಹಿಡಿದುಕೊಂಡು ನಾವೂ ಬರುತ್ತೇವೆ. ಸಹಿಸಿಕೊಳ್ಳಬೇಕು.

ನಾಯಿಯ ಹೆಸರು ಕಾಳ. ಗ್ರೇಹೌಂಡ್ ತಳಿ, ಬಣ್ಣ ಅಪ್ಪಟ ಕಪ್ಪು, ಹುಟ್ಟೂರು ಐರ್ಲೆಂಡ್. ಎರಡು ಕಿವಿಗಳ ಒಳಗೂ ಹಸಿರು ಹಚ್ಚೆಯಲ್ಲಿ ಅಕ್ಷರಗಳಿವೆ, ನಮ್ಮ ಕಡೆ ಎತ್ತಿಗೆ ಮುದ್ರೆ ಒತ್ತುತ್ತಿದ್ದರಲ್ಲ, ಹಾಗೆ. ಎರಡು ವರ್ಷ ರೇಸಿನಲ್ಲಿ ಓಡಿ, ಕಾಲಿಗೆ ಪೆಟ್ಟಾಗಿ, ನಾಲ್ಕನೇ ವಯಸ್ಸಿಗೇ ‘ನಿವೃತ್ತ’ನಾದವನು. 2024ರ ಜನವರಿಯಲ್ಲಿ ಅವನನ್ನು ಮನೆಗೆ ಕರೆತಂದೆವು. ಅದಕ್ಕೆ ಎರಡು ತಿಂಗಳ ಹಿಂದೆ, ನಲವತ್ತಾರನೇ ವಯಸ್ಸಿಗೆ, ನಮಗೂ ಹಾಗೆಯೇ ಆಗಿತ್ತು. ಹದಿನಾಲ್ಕು ವರ್ಷ ದುಡಿದ ಕಂಪನಿಯವರು ಹದಿನಾಲ್ಕು ನಿಮಿಷದ ವಿಡಿಯೋ ಕರೆಯಲ್ಲಿ ನಿಮ್ಮ ಹುದ್ದೆ ಇನ್ನಿಲ್ಲ ಎಂದರು. ಹುದ್ದೆ ಇಲ್ಲವಂತೆ, ನಾವಿದ್ದೇವಂತೆ. ಮೈಸೂರಿನ ಗಂಗೋತ್ರಿಯಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಎಸ್ಸಿ. ಮಾಡಿದ ನಮಗೆ ಈ ತರ್ಕ ಅರ್ಥವಾಗಲು ತುಸು ಹೊತ್ತು ಹಿಡಿಯಿತು.

ಮನೆಯಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಗೋಡೆ ನೋಡುತ್ತ ಕೂತಿದ್ದ ನಮ್ಮನ್ನು ನೋಡಲಾರದೆ ‘ಒಂದು ನಾಯಿ ತರೋಣ’ ಎಂದವಳು ನಮ್ಮಾಕೆ. ತಂದದ್ದಾಯಿತು. ಅವನಿಗೆ ಮೆಟ್ಟಿಲು ಹತ್ತಲು ಬರುತ್ತಿರಲಿಲ್ಲ. ಗಾಜಿನ ಬಾಗಿಲು ಎಂದರೇನು, ಟಿ.ವಿ. ಎಂದರೇನು, ಒಂದೂ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಗೂಡು, ಗಾಡಿ, ಓಟದ ಮೈದಾನ, ಮತ್ತೆ ಗೂಡು. ಗಂಟೆಗೆ 60 ಕಿಲೋಮೀಟರಿಗೂ ಮೀರಿ ಓಡಬಲ್ಲ ಪ್ರಾಣಿ ಮೆಟ್ಟಿಲ ಬುಡದಲ್ಲಿ ನಡುಗುತ್ತ ನಿಂತಿದ್ದನ್ನು ನೋಡಿ ನಮಗೆ ನಗು ಬರಬೇಕಿತ್ತು, ಬರಲಿಲ್ಲ.

ಈ ನಾಯಿ ರೇಸಿನ ಕಥೆ ನಮ್ಮ ಟೂಟಿಂಗಿಗೆ ಹೊಸದಲ್ಲ. ಯಂತ್ರದ ಮೊಲವನ್ನು ಮುಂದೆ ಓಡಿಸಿ ಹಿಂದಿನಿಂದ ನಾಯಿಗಳನ್ನು ಬಿಡುವ ಆಟ ಬ್ರಿಟನ್ನಿನಲ್ಲಿ ಶುರುವಾದದ್ದು ಮ್ಯಾಂಚೆಸ್ಟರಿನ ಬೆಲ್ ವ್ಯೂ ಮೈದಾನದಲ್ಲಿ, 1926ರ ಜುಲೈ 24ರಂದು. ಎರಡೇ ವರ್ಷದಲ್ಲಿ, 1928ರಲ್ಲಿ, ಪ್ಲೌ ಲೇನಿನಲ್ಲಿ ವಿಂಬಲ್ಡನ್ ಸ್ಟೇಡಿಯಂ ಬಂತು. ಹೆಸರು ವಿಂಬಲ್ಡನ್ನಿನದು, ಅಂಚೆಯವರ ಲೆಕ್ಕದಲ್ಲಿ ಮಾತ್ರ ಅದು ಎಸ್‌ಡಬ್ಲ್ಯೂ 17, ಅಂದರೆ ನಮ್ಮ ಟೂಟಿಂಗ್. 1985ರಿಂದ 2016ರವರೆಗೆ ಗ್ರೇಹೌಂಡ್ ಡರ್ಬಿ ನಡೆದದ್ದು ಅಲ್ಲೇ. 2017ರ ಮಾರ್ಚ್ 25ರ ರಾತ್ರಿ ಕೊನೆಯ ಓಟ. ಬಳಿಕ ಕೆಡವಿ, ಮನೆಗಳನ್ನೂ ಒಂದು ಫುಟ್ಬಾಲ್ ಮೈದಾನವನ್ನೂ ಕಟ್ಟಿದರು. 2020ರ ನವೆಂಬರಿನಿಂದ ಅಲ್ಲಿ ಓಡುವವರೆಲ್ಲ ಎರಡು ಕಾಲಿನವರು.

ಈ ಆಟದಲ್ಲಿ ಮಿಕ್ ದ ಮಿಲ್ಲರ್ ಎಂಬ ಮಹಾಶಯನಿದ್ದ. 1929, 1930 ಎರಡೂ ವರ್ಷ ಡರ್ಬಿ ಗೆದ್ದವನು. ಸತ್ತ ಮೇಲೆ ಅವನ ಚರ್ಮಕ್ಕೆ ಒಳಗೆ ತುಂಬಿಸಿ ನಿಲ್ಲಿಸಿದ್ದಾರೆ. ಟ್ರಿಂಗ್ ಊರಿನ ಮ್ಯೂಸಿಯಮ್ಮಿನಲ್ಲಿ ಈಗಲೂ ನಿಂತೇ ಇದ್ದಾನೆ. ಗೆದ್ದವನಿಗೆ ಗಾಜಿನ ಪೆಟ್ಟಿಗೆ. ಉಳಿದವರ ಗತಿ? 2006ರಲ್ಲಿ ಇಂಗ್ಲೆಂಡಿನ ಈಶಾನ್ಯದ ಸೀಹಮ್ ಎಂಬಲ್ಲಿ ಓಟ ಮುಗಿದ ಸಾವಿರಾರು ನಾಯಿಗಳನ್ನು ವರ್ಷಗಟ್ಟಲೆ ಕೊಂದು ಹೂತಿದ್ದನ್ನು ಪತ್ರಿಕೆಯೊಂದು ಬಯಲಿಗೆಳೆದಾಗ ದೇಶವೇ ದಿಗಿಲುಬಿದ್ದಿತ್ತು. ರೇಸಿನ ನಾಯಿಗಳ ಪಾಲನೆಗೆ ಇಂಗ್ಲೆಂಡಿನಲ್ಲಿ ನಿಯಮಗಳು ಬಂದದ್ದು 2010ರಲ್ಲಿ. ವೇಲ್ಸ್ ಸರ್ಕಾರ ಈ ಆಟವನ್ನೇ ನಿಲ್ಲಿಸುತ್ತೇವೆ ಎಂದು 2025ರ ಫೆಬ್ರವರಿಯಲ್ಲಿ ಘೋಷಿಸಿತು.

ಇರಲಿ. ಹೆಸರಿನ ವಿಷಯಕ್ಕೆ ಬರೋಣ.

ನಮ್ಮದು ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಒಂದು ಹಳ್ಳಿ. ಆತಕೂರು ಅಲ್ಲಿಂದ ಸೈಕಲ್ ತುಳಿಯುವಷ್ಟು ದೂರ. ಹುಡುಗರಾಗಿದ್ದಾಗ ಒಮ್ಮೆಯೂ ಹೋಗಲಿಲ್ಲ. ಅಲ್ಲಿ ಸಿನಿಮಾ ಟೆಂಟ್ ಇರಲಿಲ್ಲವಲ್ಲ! ಆ ಊರಿನ ಶಾಸನದ ಕಲ್ಲನ್ನು ನಾವು ನೋಡಿದ್ದು ಕಾಲೇಜಿನ ದಿನಗಳಲ್ಲಿ, ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ. ಅದೂ ಐದು ನಿಮಿಷ. ಯಾವುದೋ ಇಂಟರ್‌ವ್ಯೂಗೆ ಹೊತ್ತಾಗುತ್ತಿತ್ತು. ‘ಓ, ನಾಯಿ ಕಲ್ಲು’ ಎಂದುಕೊಂಡು ಮುಂದೆ ಹೋದೆವು. ಅಂದು ಬಿಟ್ಟದ್ದನ್ನು ಮೂವತ್ತು ವರ್ಷಕ್ಕೆ ಹತ್ತಿರವಾಗುವಾಗ ಟೂಟಿಂಗಿನ ಮನೆಯಲ್ಲಿ ಕೂತು, ಪಕ್ಕದಲ್ಲಿ ಗೊರಕೆ ಹೊಡೆಯುವ ನಾಯಿಯ ಜೊತೆ, ಸಾಲು ಸಾಲಾಗಿ ಓದಿದೆವು.

ಕಥೆ ನಿಮಗೆ ಅಷ್ಟಿಷ್ಟು ಗೊತ್ತಿರಬಹುದು. ಕಾಲ ಶಕ 872, ನಮ್ಮ ಲೆಕ್ಕದಲ್ಲಿ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ದೊಡ್ಡ ಯುದ್ಧ. ಕೃಷ್ಣನ ಭಾವಮೈದುನ, ಗಂಗರ ಇಮ್ಮಡಿ ಬೂತುಗ, ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದ. ಸಂತೋಷಗೊಂಡ ಕೃಷ್ಣ ಬನವಾಸಿ ಪನ್ನಿರ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಎಂದು ನಾಡುಗಳನ್ನೇ ಎತ್ತಿ ಕೊಟ್ಟ. ಬೂತುಗನ ಕೈಕೆಳಗೆ ಮಣಲೆರ ಎಂಬ ವೀರನಿದ್ದ. ಅವನ ಕಾದಾಟಕ್ಕೂ ದೊರೆ ಮೆಚ್ಚಿ, ಏನು ಬೇಕೋ ಕೇಳು ಎಂದ. ನಾಡು ಹಂಚುತ್ತಿರುವ ಕೈ ಅದು. ಮಣಲೆರ ಕೇಳಿದ್ದು ದೊರೆಯ ಬಳಿ ಇದ್ದ ಕಾಳಿ ಎಂಬ ನಾಯಿಯನ್ನು.

(ಊರೂ ಸಿಕ್ಕಿತೆನ್ನಿ. ಬೂತುಗ ಅವನಿಗೆ ಆತಕೂರನ್ನು ಕೊಟ್ಟ. ಆದರೆ ಬಾಯಿ ಬಿಟ್ಟು ಕೇಳಿದ್ದು ನಾಯಿಯನ್ನು.)

ಆಮೇಲೆ ಕೆಳಲೆ ನಾಡಿನ ಬೆಳತೂರಿನ ಹತ್ತಿರದ ಮೊರಡಿಯಲ್ಲಿ ಒಂದು ದೊಡ್ಡ ಹಂದಿ. ಕಾಳಿಯನ್ನು ಅದರ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೆರ ಆತಕೂರಿನ ಚೆಲ್ಲೇಶ್ವರ ದೇವಾಲಯದ ಎದುರು ಕಲ್ಲು ನಿಲ್ಲಿಸಿದ. ನಾಯಿ ಹಂದಿಗಳ ಕಾದಾಟವನ್ನು ಮೇಲೆ ಕೆತ್ತಿಸಿದ. ಊರಿನ ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಗದ್ದೆಯನ್ನು ಆ ಕಲ್ಲಿಗೆ ಬಿಟ್ಟ. ಅಲ್ಲಿನ ಗೊರವ ದಿನವೂ ಆ ಕಲ್ಲನ್ನು ಪೂಜಿಸಿಯೇ ಉಣ್ಣಬೇಕು. ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಬರುತ್ತದೆ ಎಂದು ಬರೆಸಿದ.

ನಮ್ಮ ವೃತ್ತಿಯವರಿಗೆ ಈ ಕೊನೆಯ ಸಾಲು ಬಹಳ ಹಿಡಿಸುತ್ತದೆ. ವ್ಯವಸ್ಥೆ ನಡೆಯಲು ಆದಾಯದ ಮೂಲ, ಮಾಡುವ ಜವಾಬ್ದಾರ, ಮಾಡದಿದ್ದರೆ ದಂಡ, ಮೂರನ್ನೂ ಒಂದೇ ಕಲ್ಲಿನಲ್ಲಿ ಹೇಳಿದ್ದಾನೆ. ನಾವು ಬರೆದ ಎಷ್ಟೋ ಪ್ರೋಗ್ರಾಮುಗಳು ಐದು ವರ್ಷ ಬಾಳಿಲ್ಲ. ಆದರೆ ನಮ್ಮನ್ನು ನಿಜವಾಗಿ ಕಾಡಿದ್ದು ಬೇರೆ. ದೊರೆ ನಾಡು ಗೆದ್ದ ಸುದ್ದಿಯೂ ನಾಯಿ ಸತ್ತ ಸುದ್ದಿಯೂ ಒಂದೇ ಬಂಡೆಯ ಮೇಲಿವೆ. ತಕ್ಕೋಲದ ಯುದ್ಧದ ಬಗ್ಗೆ ಇತಿಹಾಸಕಾರರಿಗೆ ಸಿಗುವ ಮುಖ್ಯ ಆಧಾರಗಳಲ್ಲಿ ಒಂದು, ಮೂಲತಃ ಒಂದು ನಾಯಿಯ ಸಮಾಧಿಗಲ್ಲು!

949 ಎಂದಾಗ ಇನ್ನೊಂದು ನೆನಪಾಗುತ್ತದೆ. ಕವಿಚಕ್ರವರ್ತಿ ರನ್ನ ಹುಟ್ಟಿದ್ದೂ ಅದೇ ವರ್ಷ, ಬಳೆಗಾರರ ಮನೆಯಲ್ಲಿ, ಮುದುವೊಳಲಿನಲ್ಲಿ, ಅಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ. ಈಗ ಮುಧೋಳ ಎಂದರೆ ಜನಕ್ಕೆ ಮೊದಲು ನೆನಪಾಗುವುದು ಗದಾಯುದ್ಧವೋ ಬೇಟೆನಾಯಿಯೋ ಹೇಳುವುದು ಕಷ್ಟ. ಅಲ್ಲಿನ ಘೋರ್ಪಡೆ ರಾಜರು ಸಾಕಿ ಬೆಳೆಸಿದ ತೆಳುಸೊಂಟದ ಓಟಗಾರ ತಳಿ ಅದು; ಒಂದು ಜೋಡಿ ಮರಿಗಳನ್ನು ಇಂಗ್ಲೆಂಡಿಗೆ ತಂದು ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರೆಂಬುದು ಮುಧೋಳದವರು ಹೆಮ್ಮೆಯಿಂದ ಹೇಳುವ ಮಾತು. ಭಾರತದ ಅಂಚೆ ಇಲಾಖೆ 2005ರಲ್ಲಿ ಅದರ ಚಿತ್ರದ ಸ್ಟಾಂಪ್ ತಂದಿತು. ನಮ್ಮ ಕಾಳನ ಪಕ್ಕದಲ್ಲಿ ಆ ಸ್ಟಾಂಪ್ ಹಿಡಿದು ನೋಡಿದರೆ ದಾಯಾದಿಗಳೆನ್ನಬೇಕು, ಅದೇ ಮೂತಿ, ಅದೇ ಬಿಲ್ಲು ಬೆನ್ನು.

ಹೀಗೆ ಕಾಳಿಯ ಗಂಡು ರೂಪವಾಗಿ ‘ಕಾಳ’ ಎಂದು ಹೆಸರಿಟ್ಟೆವು. ನಮ್ಮ ಬೀದಿಯ ಆಂಗ್ಲರ ಕಿವಿಗೆ ಅದು ‘ಕಾರ್ಲಾ’ ಎಂದು ಕೇಳಿಸಿ, ಆರು ತಿಂಗಳು ಅವನನ್ನು ‘ಒಳ್ಳೇ ಹುಡುಗಿ’ ಎಂದೇ ಮಾತನಾಡಿಸಿದರು. ಕಾಳ ಬೇಸರಿಸಲಿಲ್ಲ. ಅವನು ಯಾವ ಹೆಸರಿಗೂ ತಿರುಗಿ ನೋಡುತ್ತಿರಲಿಲ್ಲ.

ಅವನ ದಿನಚರಿ ಸರಳ. ನಾವು ಒಮ್ಮೆ ಲೆಕ್ಕ ಹಾಕಿದೆವು, ದಿನಕ್ಕೆ ಹದಿನೇಳು ಗಂಟೆ ನಿದ್ದೆ. ಉಳಿದದ್ದರಲ್ಲಿ ಎರಡು ಗಂಟೆ ಟೂಟಿಂಗ್ ಕಾಮನ್ನಿನ ಸುತ್ತಾಟ. ಸುತ್ತಾಟವೆಂದರೆ ನಡಿಗೆ ಎಂದುಕೊಳ್ಳಬೇಡಿ. ಒಂದು ಮರ, ಐದು ನಿಮಿಷ; ಇನ್ನೊಂದು ಮರ, ಏಳು ನಿಮಿಷ. ಅಳಿಲು ಕಂಡರೆ ಮಾತ್ರ ಹಳೆಯ ಬುದ್ಧಿ ಎದ್ದು ಹಗ್ಗ ಜಗ್ಗುತ್ತಾನೆ. ಇಂಥ ನಾಯಿಯ ಜೊತೆ ನಿಂತವರಿಗೆ ಎರಡೇ ದಾರಿ: ಫೋನ್ ನೋಡುವುದು, ಇಲ್ಲವೇ ಮರ ನೋಡುವುದು. ನಮ್ಮ ಫೋನಿನಲ್ಲಿ ಆ ದಿನಗಳಲ್ಲಿ ಬರುತ್ತಿದ್ದುದೆಲ್ಲ ‘ನಿಮ್ಮ ಅರ್ಜಿಗೆ ವಂದನೆಗಳು, ಆದರೆ...’ ಎಂಬ ಪತ್ರಗಳು. ಹಾಗಾಗಿ ಮರ ನೋಡಿದೆವು. ಓಕ್ ಯಾವುದು, ಬರ್ಚ್ ಯಾವುದು ಎಂದು ಈ ದೇಶಕ್ಕೆ ಬಂದು ಹತ್ತೊಂಬತ್ತು ವರ್ಷಕ್ಕೆ ಕಲಿತೆವು. ಇಲ್ಲಿನ ಚೆಸ್ಟ್‌ನಟ್ ಸಾಲುಮರಗಳಿಗೆ ರೋಗ ತಗುಲಿ 2016ರಲ್ಲಿ ಕಡಿದಾಗ ಊರಿನವರು ದೊಡ್ಡ ಗಲಾಟೆ ಮಾಡಿದ್ದರು; ಆಗ ನಾವು ಆಫೀಸಿನಲ್ಲಿದ್ದೆವು, ಸುದ್ದಿಯೇ ಗೊತ್ತಿರಲಿಲ್ಲ. ಅವುಗಳ ಜಾಗದಲ್ಲಿ ಲೈಮ್ ಸಸಿ ನೆಟ್ಟಿದ್ದಾರೆ. (ನಿಂಬೆಯಲ್ಲ, ಬೇರೆಯೇ ಮರ. ನಮ್ಮಾಕೆ ಉಪ್ಪಿನಕಾಯಿಯ ಕನಸು ಕಂಡಿದ್ದಳು.)

ಈ ಕಾಮನ್ ಎಂಬುದನ್ನು ಪಾರ್ಕ್ ಎಂದರೆ ತಪ್ಪಾಗುತ್ತದೆ. ಇದು ಅಪ್ಪಟ ಗೋಮಾಳ. ಸುಮಾರು 220 ಎಕರೆಯ ಈ ಬಯಲು ಹಿಂದೆ ಎರಡು ಮ್ಯಾನರುಗಳ ಗೋಮಾಳವಾಗಿತ್ತು. ಒಂದು ಟೂಟಿಂಗ್ ಬೆಕ್. ನಾರ್ಮಂಡಿಯ ಬೆಕ್ ಮಠದವರ ಹಿಡುವಳಿಯಾಗಿದ್ದರಿಂದ ಆ ಹೆಸರು. ಇನ್ನೊಂದು ಟೂಟಿಂಗ್ ಗ್ರೇವ್ನಿ. ಊರವರು ದನ ಮೇಯಿಸುತ್ತಿದ್ದರು, ಒಲೆಗೆ ಮುಳ್ಳುಪೊದೆ ಕಡಿಯುತ್ತಿದ್ದರು, ಗರಸು ತೋಡುತ್ತಿದ್ದರು. 1850ರ ದಶಕದ ಮಧ್ಯದಿಂದ ರೈಲು ಹಳಿಗಳು ಬಂದು ಬಯಲನ್ನು ಸೀಳಿದವು. ಲಂಡನ್ ಬೆಳೆದಂತೆ ಭೂಮಿಗೆ ಬೆಲೆ ಬಂತು. ಬೆಲೆ ಬಂದ ಮೇಲೆ ಗೋಮಾಳಕ್ಕೆ ಏನಾಗುತ್ತದೆ ಎಂದು ಬೆಂಗಳೂರಿನ ಸುತ್ತಮುತ್ತಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1860ರ ದಶಕದಲ್ಲಿ ಗ್ರೇವ್ನಿ ಮ್ಯಾನರಿನ ಒಡೆತನ ಕೊಂಡ ಥಾಂಪ್ಸನ್ ಎಂಬಾತ ಗೋಮಾಳಕ್ಕೆ ಬೇಲಿ ಹಾಕಲು ಹೊರಟ. ಬೆಟ್ಸ್ ಎಂಬ ಹಕ್ಕುದಾರ ಕೋರ್ಟಿಗೆ ಹೋದ. 1865ರಲ್ಲಿ ಹುಟ್ಟಿದ ಗೋಮಾಳ ರಕ್ಷಣೆಯ ಸಂಘವೊಂದು ಇಂಥ ಜಗಳಗಳಿಗೆಲ್ಲ ಬೆನ್ನೆಲುಬಾಗಿತ್ತು. ತೀರ್ಪು ಬೇಲಿಯ ವಿರುದ್ಧ ಬಂತು. 1873ರಲ್ಲಿ ಬೆಕ್ ಭಾಗವನ್ನೂ 1875ರಲ್ಲಿ ಗ್ರೇವ್ನಿ ಭಾಗವನ್ನೂ ಆಗಿನ ಲಂಡನ್ನಿನ ಆಡಳಿತ ಮಂಡಳಿ ಕೊಂಡು, ಎಂದೆಂದಿಗೂ ಬಯಲಾಗಿಯೇ ಉಳಿಸಿತು. ಮನೆ ಕಟ್ಟಿದ್ದರೆ ಎಷ್ಟು ಸಾವಿರ ಮನೆ! ಅದು ಯಾವ ‘ಉಪಯೋಗಕ್ಕೂ’ ಬಾರದೆ ಬಿದ್ದಿರಲಿ ಎಂದು ಯಾರೋ ಹಟ ಹಿಡಿದದ್ದರಿಂದ ನೂರೈವತ್ತು ವರ್ಷದ ಮೇಲೆ ಕಾಳ ಮತ್ತು ನಾವು ಅಲ್ಲಿ ಉಪಯೋಗವಿಲ್ಲದೆ ನಿಲ್ಲುತ್ತೇವೆ.

ಬಯಲಿನ ನಡುವೆ ಡಾಕ್ಟರ್ ಜಾನ್ಸನ್ ಅವೆನ್ಯೂ ಎಂಬ ದಾರಿಯಿದೆ. ನಿಘಂಟು ಬರೆದ ಜಾನ್ಸನ್ನನೇ. ಈ ಬಯಲಿನ ಅಂಚಿಗಿದ್ದ ಸ್ಟ್ರೆಟ್ಹಮ್ ಪಾರ್ಕ್ ಎಂಬ ಥ್ರೇಲ್ ದಂಪತಿಗಳ ಮನೆಗೆ ಅವನು 1766ರಲ್ಲಿ ಬಂದದ್ದು ಮನಸ್ಸು ಕುಸಿದ ಸ್ಥಿತಿಯಲ್ಲಿ. ಹತ್ತು ಹದಿನೈದು ವರ್ಷ ಅದು ಅವನ ಎರಡನೇ ಮನೆಯೇ ಆಯಿತು. ‘ಸೋಮಾರಿ’ ಎಂಬ ಹೆಸರಿನಲ್ಲಿ ಪ್ರಬಂಧಮಾಲೆ ಬರೆದ ಆತ, ನಾಳೆಯಿಂದ ಬೇಗ ಏಳುತ್ತೇನೆ ಎಂದು ವರ್ಷ ವರ್ಷವೂ ದೇವರಿಗೆ ಮಾತು ಕೊಟ್ಟು, ವರ್ಷ ವರ್ಷವೂ ತಪ್ಪಿದವನು. ತನ್ನ ಸೋಮಾರಿತನಕ್ಕೆ ಕೊನೆಯವರೆಗೂ ತನ್ನನ್ನು ತಾನು ಕ್ಷಮಿಸಿಕೊಳ್ಳಲಿಲ್ಲ, ಪಾಪ. ಒಂದು ಭಾಷೆಯ ನಿಘಂಟನ್ನೇ ಬರೆದ ಸೋಮಾರಿ!

ಥಾಮಸ್ ಹಾರ್ಡಿಯ ಕಥೆ ನಮಗೆ ಇನ್ನೂ ಹತ್ತಿರ. ಟ್ರಿನಿಟಿ ರಸ್ತೆಯ 172ನೇ ಮನೆಯ ಮೇಲೆ ನೀಲಿ ಫಲಕ ಇದೆ, ನಮ್ಮ ಮನೆಯಿಂದ ಟ್ಯೂಬ್ ಸ್ಟೇಷನ್ನಿಗೆ ಹೋಗುವಾಗ ಹದಿನಾಲ್ಕು ವರ್ಷ ಅದರ ಎದುರೇ ಓಡಿದ್ದೆವು. ಹಾರ್ಡಿ ಅಲ್ಲಿದ್ದದ್ದು 1878ರಿಂದ 1881ರವರೆಗೆ. ಹೆಸರು ಮಾಡಬೇಕಾದರೆ ಲಂಡನ್ನಿನಲ್ಲಿರಬೇಕು ಎಂದು ಬಂದವನು. 1880ರ ಅಕ್ಟೋಬರಿನಲ್ಲಿ ಕಾಯಿಲೆ ಬಿದ್ದು, ತಲೆಗಿಂತ ಕಾಲು ಮೇಲೆ ಮಾಡಿಕೊಂಡು ತಿಂಗಳುಗಟ್ಟಲೆ ಮಲಗಿಯೇ ಇರಬೇಕಾಯಿತು. ಪತ್ರಿಕೆಗೆ ಒಪ್ಪಿಕೊಂಡಿದ್ದ ‘ಎ ಲವೋಡಿಸಿಯನ್’ ಧಾರಾವಾಹಿಯನ್ನು ಮಲಗಿದಲ್ಲಿಂದಲೇ ಹೇಳಿದ, ಹೆಂಡತಿ ಎಮ್ಮಾ ಬರೆದುಕೊಂಡಳು. ಎದ್ದ ಮೇಲೆ ಲಂಡನ್ ಬಿಟ್ಟು ತನ್ನ ಡಾರ್ಸೆಟ್ ಸೀಮೆಗೇ ಹೊರಟುಹೋದ. ‘ಟೆಸ್’ ಬರೆದದ್ದು ಅಲ್ಲಿ. ಮುಪ್ಪಿನಲ್ಲಿ ಅವನ ಮನೆಯಲ್ಲಿ ವೆಸೆಕ್ಸ್ ಎಂಬ ನಾಯಿಯಿತ್ತು. ಬಂದವರನ್ನು ಕಚ್ಚುವುದರಲ್ಲಿ ಹೆಸರುವಾಸಿ. 1926ರ ಡಿಸೆಂಬರಿನಲ್ಲಿ ಅದು ಸತ್ತಾಗ ಹಾರ್ಡಿ ತೋಟದಲ್ಲಿ ಹೂತು ಹೆಸರು ಕೆತ್ತಿದ ಕಲ್ಲು ನೆಡಿಸಿದ. ಮಣಲೆರನ ಜಾತಿಗೆ ಸೇರಿದವನೆನ್ನಿ.

ಟೂಟಿಂಗಿನ ಪಕ್ಕದ ಬ್ಯಾಟರ್ಸಿಯಲ್ಲೂ ಒಂದು ನಾಯಿಯ ಸ್ಮಾರಕವಿದೆ. ಅದರ ಇತಿಹಾಸ ಮೈ ಜುಮ್ಮೆನ್ನಿಸುವಂಥದ್ದು. 1903ರ ಫೆಬ್ರವರಿಯಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಎದುರು ಒಂದು ಕಂದು ನಾಯಿಯನ್ನು ಸೀಳಿ ಪ್ರಯೋಗ ತೋರಿಸಿದರು. ವಿದ್ಯಾರ್ಥಿನಿಯರಾಗಿ ಸೇರಿದ್ದ ಇಬ್ಬರು ಸ್ವೀಡಿಷ್ ಹೆಂಗಸರು, ಲಿಜ್ಜಿ ಲಿಂಡ್ ಆಫ್ ಹಾಗೆಬಿ ಮತ್ತು ಲೀಸಾ ಶಾರ್ಟೌ, ಕಂಡದ್ದನ್ನು ದಿನಚರಿಯಲ್ಲಿ ಬರೆದು ಪ್ರಕಟಿಸಿದರು. ನಾಯಿಗೆ ಸರಿಯಾಗಿ ಮಂಪರು ಕೊಟ್ಟಿರಲಿಲ್ಲ ಎಂಬುದು ಅವರ ದೂರು. ಪ್ರಯೋಗ ಮಾಡಿದ ಪ್ರೊಫೆಸರ್ ಬೇಲಿಸ್ ಅದನ್ನು ಒಪ್ಪದೆ, ಬಹಿರಂಗವಾಗಿ ಆರೋಪ ಮಾಡಿದವರ ಮೇಲೆ ಮಾನನಷ್ಟದ ಮೊಕದ್ದಮೆ ಹೂಡಿ ಗೆದ್ದರು. ಕೋರ್ಟಿನಲ್ಲಿ ಸೋತವರ ಕಡೆಯವರು 1906ರ ಸೆಪ್ಟೆಂಬರ್ 15ರಂದು ಬ್ಯಾಟರ್ಸಿಯ ಲ್ಯಾಚ್ಮಿಯರ್ ಬಡಾವಣೆಯ ಆಟದ ಬಯಲಿನಲ್ಲಿ ಆ ನಾಯಿಯ ಕಂಚಿನ ಪ್ರತಿಮೆ ನಿಲ್ಲಿಸಿದರು. ಕೆಳಗೆ ಮನುಷ್ಯರಿಗೂ ನಾಯಿಗಳಿಗೂ ಕುಡಿಯುವ ನೀರಿನ ತೊಟ್ಟಿ. 1902ರ ಒಂದೇ ವರ್ಷದಲ್ಲಿ ಅಲ್ಲೇ ಪ್ರಯೋಗಕ್ಕೆ ಬಲಿಯಾದ ಇನ್ನೂ 232 ನಾಯಿಗಳ ನೆನಪಿಗೆ ಎಂದೂ ಬರೆಸಿದರು.

ವೈದ್ಯ ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ. 1907ರ ಡಿಸೆಂಬರ್ 10ರಂದು ನೂರಾರು ಜನ ಟ್ರಫಾಲ್ಗರ್ ಚೌಕದಲ್ಲಿ ಪೊಲೀಸರೊಂದಿಗೆ ಕೈಕೈ ಮಿಲಾಯಿಸಿದರು. ಪ್ರತಿಮೆಯ ಪರವಾಗಿ ನಿಂತವರಲ್ಲಿ ಬ್ಯಾಟರ್ಸಿಯ ಕೂಲಿ ಕಾರ್ಮಿಕರಿದ್ದರು, ಮತದ ಹಕ್ಕಿಗೆ ಹೋರಾಡುತ್ತಿದ್ದ ಹೆಂಗಸರಿದ್ದರು. ಹಗಲು ರಾತ್ರಿ ಕಾವಲು ಹಾಕಿ ಸಾಕಾಗಿ, 1910ರ ಮಾರ್ಚ್ 10ರ ನಸುಕಿನಲ್ಲಿ 120 ಪೊಲೀಸರ ಸರ್ಪಗಾವಲಿನಲ್ಲಿ ಕೌನ್ಸಿಲ್ಲಿನವರೇ ಅದನ್ನು ಕಿತ್ತೊಯ್ದರು. ಆಮೇಲೆ ಅದು ಕಾಣಲಿಲ್ಲ. ಈಗ ಬ್ಯಾಟರ್ಸಿ ಪಾರ್ಕಿನಲ್ಲಿರುವುದು 1985ರಲ್ಲಿ ಇಟ್ಟ ಬೇರೆ ಪ್ರತಿಮೆ. ಕಾಳನನ್ನು ಕರೆದುಕೊಂಡು ಒಮ್ಮೆ ಹೋಗಿದ್ದೆವು. ಮೂಸಿದ, ಕಾಲೆತ್ತಿದ, ಮುಂದೆ ನಡೆದ.

ನಮ್ಮನ್ನು ಅಲ್ಲಿ ನಿಲ್ಲಿಸಿದ್ದು ಒಂದೇ ಸಂಗತಿ. ಅಷ್ಟೆಲ್ಲ ಗದ್ದಲ, ಕೋರ್ಟು, ಲಾಠಿ. ಆದರೆ ಆ ನಾಯಿಗೆ ಹೆಸರಿಲ್ಲ. ಕಂದು ನಾಯಿ, ಅಷ್ಟೇ. ಸಾವಿರ ವರ್ಷದ ಹಿಂದಿನ ನಮ್ಮ ಕಲ್ಲಿನಲ್ಲಿ ಹೆಸರಿದೆ. ಆದರೆ ಹೆಸರು ಉಳಿದದ್ದು ಯಾಕೆ? ಕಾಳಿ ಹಂದಿಯನ್ನು ಕೊಂದು ಸತ್ತದ್ದರಿಂದ. ಅದು ಮುದಿಯಾಗಿ, ಕಾಲು ಕುಂಟಾಗಿ, ಮಣಲೆರನ ಜಗಲಿಯಲ್ಲಿ ಹದಿನೇಳು ಗಂಟೆ ಮಲಗುತ್ತ ಸತ್ತಿದ್ದರೆ ಎರಡು ಖಂಡುಗ ಗದ್ದೆ ಬಿಡುತ್ತಿದ್ದನೇ? ಇತಿಹಾಸ ಓದುವವರು ಇಂಥ ಪ್ರಶ್ನೆ ಕೇಳಬಾರದು ಎನ್ನುತ್ತಾರೆ. ಕೆಲಸ ಹೋದವರು ಕೇಳಬಹುದು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದವರಿಗೆ ಗುತ್ತಿಯ ನಾಯಿ ಹುಲಿಯ ಮರೆಯುವಂತಿಲ್ಲ. ಅಷ್ಟು ದಪ್ಪದ ಆ ಕಾದಂಬರಿಯನ್ನು ನಾವು ಕಾಲೇಜಿನಲ್ಲಿ ಪರೀಕ್ಷೆಗೆಂದು ನಾಲ್ಕು ದಿನದಲ್ಲಿ ಓದಿ ‘ಮುಗಿಸಿದ್ದೆವು’. ಕಳೆದ ವರ್ಷ ನಾಲ್ಕು ತಿಂಗಳು ಹಿಡಿಯಿತು. ತುಂಬಿದ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುವ ಪುಟಕ್ಕೆ ಬಂದಾಗ, ಮುಂಚೆ ಓದಿದ್ದೇ ನೆನಪಿರಲಿಲ್ಲ. ಕಾಳ ಕಾಲ ಮೇಲೆ ಮೂತಿ ಇಟ್ಟು ಮಲಗಿದ್ದ. ಆ ಸಂಜೆ ಮುಂದೆ ಓದಲಿಲ್ಲ.

ಕಾಮನ್ನಿನ ಈಜುಕೊಳದ ಬಗ್ಗೆ ಹೇಳದಿದ್ದರೆ ಇಲ್ಲಿನವರು ಕ್ಷಮಿಸಲಾರರು. ಅದೂ 1906ರದೇ, ಜುಲೈ 28ರಂದು ತೆರೆದದ್ದು. ಸುಮಾರು 91 ಮೀಟರ್ ಉದ್ದ. ಟೂಟಿಂಗಿನ ಪಾದ್ರಿ ಆಂಡರ್ಸನ್ ಅವರ ಒತ್ತಾಸೆಯಿಂದ, ಊರಿನ ನಿರುದ್ಯೋಗಿಗಳಿಗೆ ಕೂಲಿ ಸಿಗಲೆಂದು ತೋಡಿಸಿದ ಕೊಳ. ಮೊದಲಿಗೆ ಹೆಂಗಸರಿಗೆ ವಾರದಲ್ಲಿ ಒಂದೇ ದಿನ. ಗಂಡಸರು ಹೆಂಗಸರು ಒಟ್ಟಿಗೆ ಈಜಲು 1931ರವರೆಗೆ ಕಾಯಬೇಕಾಯಿತು. ಜನವರಿಯ ಚಳಿಯಲ್ಲೂ ಮುದುಕ ಮುದುಕಿಯರು ಅದರಲ್ಲಿ ಇಳಿಯುತ್ತಾರೆ. ನಾವು ಇಳಿದಿಲ್ಲ, ಇಳಿಯುವುದೂ ಇಲ್ಲ. ಆದರೆ ಬೇಲಿಯಾಚೆ ನಿಂತಾಗಲೆಲ್ಲ ನೆನೆಯುವುದು ಈಜುವವರನ್ನಲ್ಲ, ತೋಡಿದವರನ್ನು. ಕೆಲಸವಿಲ್ಲದವನೆಂದು ಊರಿಗೆಲ್ಲ ಗೊತ್ತಾಗುವಂತೆ ಗುದ್ದಲಿ ಹಿಡಿದು ನಿಂತಿದ್ದರಲ್ಲ, ಅವರನ್ನು.

ಯಾಕೆಂದರೆ ನಮಗೆ ಅಷ್ಟು ಧೈರ್ಯವಿರಲಿಲ್ಲ. 2024ರ ಫೆಬ್ರವರಿಯ ಒಂದು ಮಂಗಳವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಅದೇ ಬೇಲಿಯ ಬಳಿ ನಮ್ಮ ಬಳಗದ ಹಿರಿಯರೊಬ್ಬರು ಎದುರಾದರು. ‘ಏನ್ರೀ, ಇವತ್ತು ರಜಾನಾ?’ ಎಂದರು. ‘ಇಲ್ಲ ಸಾರ್, ವರ್ಕ್ ಫ್ರಮ್ ಹೋಮ್, ಈಗೊಂದು ಮೀಟಿಂಗ್ ಇದೆ’ ಎಂದು ಕಾಳನನ್ನು ಎಳೆದುಕೊಂಡು ಹೊರಟೆವು. ಕಾಳ ಹೊರಡಲಿಲ್ಲ. ಅವನ ಮರ ಇನ್ನೂ ಮುಗಿದಿರಲಿಲ್ಲ. ಮೀಟಿಂಗ್ ಇದ್ದ ನಾವು ಏಳು ನಿಮಿಷ ಅವರ ಎದುರೇ ನಿಂತಿದ್ದೆವು. ಅವರೂ ಏನೂ ಕೇಳದೆ ನಿಂತಿದ್ದರು. ಆಮೇಲಿನ ಮಂಗಳವಾರವೂ ಅದೇ ಹೊತ್ತಿಗೆ ಬಂದರು, ಅದರ ಮುಂದಿನ ವಾರವೂ. ನಾಲ್ಕನೆಯ ವಾರ ಹೇಳಿಬಿಟ್ಟೆವು. ‘ಗೊತ್ತಾಯ್ತು ಬಿಡಿ, ನಾಯಿ ಹೇಳ್ತು’ ಎಂದರು.

ಅಮ್ಮನಿಗೆ ಹೇಳಲು ಇನ್ನೂ ಎರಡು ತಿಂಗಳು ಬೇಕಾಯಿತು. ಊರಲ್ಲಿ ನಾವು ಚಿಕ್ಕವರಿದ್ದಾಗ ಕೆಂಪ ಎಂಬ ನಾಯಿಯಿತ್ತು. ಹತ್ತು ವರ್ಷ ಕಣ ಕಾದು, ಕಣ್ಣು ಮಂಜಾದ ಮೇಲೆ ಒಂದು ಸಂತೆ ದಿನ ಅಪ್ಪ ಅದನ್ನು ಯಾವುದೋ ಲಾರಿಗೆ ಹತ್ತಿಸಿ ಕಳಿಸಿಬಿಟ್ಟರು. ಮನೆಯಲ್ಲಿ ಯಾರೂ ಆ ಮಾತೆತ್ತುವಂತಿರಲಿಲ್ಲ. ಅಪ್ಪ ಕೆಟ್ಟವರಲ್ಲ, ದುಡಿಯದೆ ಉಣ್ಣುವುದು ಅವರಿಗೆ ಸೇರುತ್ತಿರಲಿಲ್ಲ, ತಮ್ಮ ವಿಷಯದಲ್ಲೂ ಅಷ್ಟೇ. ಅವರು ತೀರಿಕೊಂಡು ಹತ್ತು ವರ್ಷವಾಗಿದ್ದರೂ, ಕೆಲಸ ಹೋದ ಸುದ್ದಿಯನ್ನು ಅವರಿಗೇ ಹೇಳುತ್ತಿರುವಂತೆ ನಮ್ಮ ಗಂಟಲು ಕಟ್ಟುತ್ತಿತ್ತು.

ಒಂದು ಭಾನುವಾರ ಫೋನಿನಲ್ಲಿ ಕಾಳನನ್ನು ತೋರಿಸುತ್ತ, ಇದು ಓಟ ಬಿಟ್ಟ ನಾಯಿ, ಸುಮ್ಮನೆ ಮಲಗುತ್ತೆ ಎಂದೆವು. ಅಮ್ಮ ನಕ್ಕು, ‘ನಾಯಿಗೆ ಕೆಲ್ಸ ಇಲ್ಲ, ನಿಲ್ಲಕ್ಕೆ ಹೊತ್ತಿಲ್ಲ ಅಂತಾರೆ. ಇದು ನೋಡುದ್ರೆ ನಿಂತೇ ಇರ್ತದಲ್ಲೋ ಮಗ’ ಎಂದಳು. ಆಗ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಉಂಡ್ಯಾ?’ ಎಂದಳು. ಉಂಡಿದ್ದೆವು. ‘ಹೋದ್ರೆ ಹೋಯ್ತು ಬುಡು. ಒಸಿ ದಿನ ಕೂತ್ಕೊ.’ ಮತ್ತೆ ಸುಮ್ಮನಾಗಿ, ಫೋನ್ ಇಡುವ ಮುಂಚೆ, ‘ಕೆಂಪನ್ನೂ ಹಿಂಗೇ ಮಡೀಕೋಬೋದಿತ್ತು ಕಣ್ಲಾ’ ಎಂದಳು.

ಈಗ ವಾರಕ್ಕೆ ಮೂರು ದಿನದ ಕೆಲಸವೊಂದಿದೆ. ಸಂಬಳ ಹಿಂದಿನ ಅರ್ಧಕ್ಕೂ ಕಡಿಮೆ. ಮಂಗಳವಾರ ಬಿಡುವು. ಬಳಗದ ಹಿರಿಯರು ಈಗ ಬರುವಾಗ ಫ್ಲಾಸ್ಕಿನಲ್ಲಿ ಕಾಫಿ ತರುತ್ತಾರೆ. ಅವರ ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಬರುವ ಸಂಕ್ರಾಂತಿಗೆ ಊರಿಗೆ ಹೋಗುತ್ತಿದ್ದೇವೆ. ಈ ಸಲವಾದರೂ ಆತಕೂರು ನೋಡಿಬರುತ್ತೇವೆ ಎಂದಾಗ ಅಮ್ಮ ತಾನೂ ಬರುತ್ತೇನೆ, ಒಂದು ಕಾಯಿ ಒಡೆಯೋಣ ಎಂದಳು. ಕಲ್ಲು ಅಲ್ಲಿಲ್ಲಮ್ಮ, ಬೆಂಗಳೂರಿನಲ್ಲಿದೆ ಎಂದೆವು. ‘ಕಲ್ಲು ಎಲ್ಲಾನ ಇರ್ಲಿ, ನಾಯಿ ಅಲ್ಲೇ ತಾನೆ ಇದ್ದಿದ್ದು’ ಎಂದಳು.